ಎಂಜಿನ್ನಿನ ಹೊಟ್ಟೆಯ ಮರಳು

ಹೊಸ ಡೀಸೆಲ್ ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ ನಂಜುಂಡಸ್ವಾಮಿ ಒಳಗೆ ಬೆರಳಾಡಿಸಿದ. ಉಗುರಿಗೆ ನಾಲ್ಕು ಕಾಳು ಮರಳು ಸಿಕ್ಕಿತು. ಅವನ ನೆಮ್ಮದಿ ಕೆಡಲು ಅಷ್ಟೇ ಸಾಕಾಯಿತು.

ಆ ಕಾಲಕ್ಕೆ ಕವಲಂದೆಯಲ್ಲಿ ಕರೆಂಟು ಬಂದರೆ ಹಬ್ಬ, ಹೋದರೆ ಅಭ್ಯಾಸ. ಅದನ್ನು ನಂಬಿ ಹಿಟ್ಟಿನ ಮಿಲ್ಲು ಹಾಕಿದರೆ ಊರವರು ರಾಗಿಯನ್ನು ಹಾಗೇ ಮುಕ್ಕಬೇಕು. ಅದಕ್ಕೇ ನಂಜುಂಡ ನಂಜನಗೂಡಿನ ಕಾರ್ಖಾನೆ ಕೆಲಸಕ್ಕೆ ನಮಸ್ಕಾರ ಹೊಡೆದು ಈ ಎಂಜಿನ್ನು ತಂದಿದ್ದ. ಸಂಜೆಗೆ ಮಿಲ್ಲಿನ ಪೂಜೆ. ಎಂಜಿನ್ನು ಕೆಟ್ಟರೆ ಬಿಟ್ಟ ಕೆಲಸವೂ ಇಲ್ಲ, ಹಿಡಿದ ಮಿಲ್ಲೂ ಇಲ್ಲ.

"ಏನ್ಲಾ ನಂಜುಂಡ, ಒಸ ಎಂಜಿನ್ನ ಬಿಚ್ಚಾಕ್ಬುಟ್ಟಿದ್ದಯಲ್ಲ!" ಎಂದು ಎದುರು ಮನೆಯ ದೇವಯ್ಯ ಬೀಡಿ ಸಮೇತ ಬಂದ.

"ಮರಳಿನ ಅಚ್ಚಲ್ಲಿ ಎರಕ ಉಯ್ದಿರ್ತರ ಕಣ್ ಮಾವ. ಆ ಮರಳು ಒಳಗೇ ಉಳಕಂಡದ. ಎಣ್ಣೆ ಜೊತೆ ತಿರುಗ್ತಾ ತಿರುಗ್ತಾ ಬೇರಿಂಗೆಲ್ಲ ತಿಂದಾಕ್ಬುಡ್ತದ."

"ಎತ್ತು ತಂದ್ರ ಅಲ್ಲು ನೋಡ್ತರ. ಒಟ್ಟೆ ಕುಯ್ದು ನೋಡ್ತರೇನ್ಲಾ?"

ನೆರೆದವರು ನಕ್ಕರು. ನಂಜುಂಡ ಜಗ್ಗುವ ಆಸಾಮಿಯೇ ಅಲ್ಲ. ಇದ್ದ ಎಣ್ಣೆ ಬಸಿದ, ಚಾಕುವಿನಲ್ಲಿ ಕೆರೆದ, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ, ಕನ್ನಡಿ ಹಿಡಿದು ಮೂಲೆಮೂಲೆ ಇಣುಕಿದ. ಮಧ್ಯಾಹ್ನಕ್ಕೆ ಒಂದು ಚಿಟಿಕೆ ನಶ್ಯದಷ್ಟು ಮರಳು ಕಾಗದಕ್ಕೆ ಬಿತ್ತು. ಗೆದ್ದೆನೆಂದು ಅದನ್ನು ದೇವಯ್ಯನ ಮೂಗಿನ ಕೆಳಗೆ ಹಿಡಿದ. ದೇವಯ್ಯ ಸೀನಿದ. ಸಾಕ್ಷಿ ಹಾರಿಹೋಯಿತು.

"ಅತ್ತೆ, ನಂಜನಗೂಡ್ಗೋಗಿ ಒಸ ಎಣ್ಣೆ ತತ್ತೀನಿ. ಯಾರೂ ಮುಟ್ದಂಗ ನೋಡ್ಕ," ಎಂದು ಸೋದರತ್ತೆ ಕೆಂಪಾಜಮ್ಮನನ್ನು ಕಾವಲಿಟ್ಟು ಬಸ್ಸು ಹತ್ತಿದ.

ವಾಪಸು ಬರುವಷ್ಟರಲ್ಲಿ ಮಿಲ್ಲಿನ ಮುಂದೆ ರಾಗಿ ಚೀಲಗಳು ಸಾಲುಗಟ್ಟಿದ್ದವು. ಎಂಜಿನ್ನಿಗೆ ಸೇವಂತಿಗೆ ಹಾರ ಬಿದ್ದಿತ್ತು. ಮುಚ್ಚಳದ ಬೋಲ್ಟುಗಳನ್ನು ದೇವಯ್ಯನೇ ಉಮೇದಿನಿಂದ ಬಿಗಿದಿದ್ದ.

"ಗಳಿಗೆ ಮೀರ್ತದ ಕಣ್ಲಾ, ಉಯ್ಯಿ ಎಣ್ಣೆಯ!"

ನಂಜುಂಡ ಎಣ್ಣೆ ಹೊಯ್ದು ಹ್ಯಾಂಡಲ್ ತಿರುವಿದ. ಡುಗು ಡುಗು ಡುಗು! ಹೊಗೆ ಎದ್ದಿತು, ಬೆಲ್ಟು ಓಡಿತು, ಜನ ಹೋ ಎಂದರು. ನಂಜುಂಡನಿಗೆ ಖುಷಿಯೋ ಖುಷಿ.

"ನೋಡ್ಕಳಿ! ಇಡೀ ತಾಲ್ಲೂಕ್ನಲ್ಲಿ ಒಳಗಡೆ ಇಷ್ಟು ಚೊಕ್ಕವಾಗಿರ ಎಂಜಿನ್ನು ಇನ್ನೊಂದಿಲ್ಲ!"

"ಅಯ್ಯ, ನೀ ಮಾಡಿದ್ ಚೊಕ್ಕವ ನಾ ಕಾಣ್ನಾ?" ಕೆಂಪಾಜಮ್ಮ ಮೂತಿ ತಿರುವಿದಳು. "ಒಳಗೆಲ್ಲ ಬರೀ ಜಿಡ್ಡು! ಪೂಜೆ ಸಾಮಾನ ಅಂಗ ಇಡಕಾದ್ದಾ? ತೆಂಗಿನ ನಾರು ತಕಂಡು, ಎರಡು ಇಡಿ ಕಪಿಲೆ ಒಳೆ ಮರಳು ಆಕಿ ಉಜ್ದೆ ನೋಡು, ಚೆಂಬಿನಂಗ ಪಳಪಳ ಅಂತು."

ನಂಜುಂಡ ಹಾರಿ ಬಿದ್ದು ಎಂಜಿನ್ನು ನಿಲ್ಲಿಸಿದ. ನಿಲ್ಲುವ ಮುನ್ನ ಕರಕರ ಎಂದದ್ದು ಬೇರಿಂಗೋ ಅವನ ಹಲ್ಲೋ, ಯಾರಿಗೂ ತಿಳಿಯಲಿಲ್ಲ.

"ಉಜ್ಜಿದ ಮೇಲೆ ತೊಳ್ದೆ ತಾನೆ ಅತ್ತೆ? ತೊಳ್ದೆ ಅನ್ನವ್ವ!"

"ತೊಳದಾ?" ಕೆಂಪಾಜಮ್ಮನಿಗೆ ಸಿಟ್ಟೇ ಬಂತು. "ಕಬ್ಬಿಣಕ್ಕ ನೀರು ತಾಕುದ್ರ ತುಕ್ಕಿಡೀತದ ಅನ್ನದು ನಂಗೊತ್ತಿಲ್ವೇನ್ಲಾ?"