ಅರ್ಜಿದಾರನ ಹೆಂಡತಿ

ನಲವತ್ತೇಳು ದಾಟಿದ ಗಂಡಸಿಗೆ ಬರಬಾರದ ಕಾಯಿಲೆಗಳ ಪಟ್ಟಿಯಲ್ಲಿ 'ಹೊಸ ಐಡಿಯಾ' ಎಂಬುದನ್ನೂ ಡಾಕ್ಟರುಗಳು ಸೇರಿಸಬೇಕು. ನನಗೆ ಅದು ಬಂದದ್ದು ಪ್ರಾಸ್ಪೆಕ್ಟ್ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ, ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಾಗ. (ಅಡಿಲೇಡಿನಲ್ಲಿ ಹಾಗೆ ಮುರಿದು ನೋಡಬಾರದು. ಅಂಗಡಿಯವನು ನಮ್ಮ ಕಡೆಯವನಾದ್ದರಿಂದ ನೋಡಿಯೂ ನೋಡದಂತಿರುತ್ತಾನೆ.) ನಾನು ಎಂಜಿನಿಯರಾಗಿದ್ದ ಕಾರಿನ ಬಿಡಿಭಾಗಗಳ ಕಾರ್ಖಾನೆ ಬಾಗಿಲು ಹಾಕಿ ಏಳು ತಿಂಗಳಾಗಿತ್ತು. ಅಂದಿನಿಂದ ಬೆಂಡೆಕಾಯಿ ತರುವ ಖಾತೆ ನನ್ನದು. ಗೋಡೆಯ ಮೇಲೆ ಒಂದು ಜಾಹೀರಾತು ಅಂಟಿಸಿದ್ದರು: ಹೈಸ್ಕೂಲಿಗೆ ಗಣಿತದ ಮೇಷ್ಟರು ಬೇಕು, ತರಬೇತಿ ಶಾಲೆಯಲ್ಲೇ. ಮೊದಲ ದಿನದಿಂದಲೇ ತರಗತಿಗೆ ಹೋಗಿ ಪಾಠ ಮಾಡುವುದು, ಜೊತೆಜೊತೆಗೆ ಓದುವುದು, ಎರಡು ವರ್ಷಕ್ಕೆ ಪೂರ್ಣಪ್ರಮಾಣದ ಮೇಷ್ಟರು.

ಬೆಂಡೆಕಾಯಿ ಬಿಟ್ಟು ಜಾಹೀರಾತನ್ನು ಮಾತ್ರ ತಲೆಯಲ್ಲಿ ತುಂಬಿಕೊಂಡು ಮನೆಗೆ ಬಂದೆ.

"ಸುಲೂ, ನಾನು ಮೇಷ್ಟ್ರಾಗ್ತೀನಿ ಕಣೇ!"

ನನ್ನ ಹೆಂಡತಿ ಸುಲೋಚನಾ ಕೆಲಸಕ್ಕೆ ಹೊರಟಿದ್ದಳು. ಕಿಲ್ಬರ್ನಿನ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಅವಳಿಗೆ ಮಧ್ಯಾಹ್ನದ ಪಾಳಿ. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಹಣ್ಣು ಸಣ್ಣಗೆ ಹೆಚ್ಚಿಕೊಡುತ್ತಾಳೆ. ಏಪ್ರನ್ ಮಡಚುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಮೈಸೂರಿನಲ್ಲಿದ್ದಾಗ ಅವಳು ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಆ ನೋಟದ ಅರ್ಥ ನನಗೆ ಆಗಬೇಕಿತ್ತು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

"ಒಳ್ಳೇದಾಯ್ತು. ಬೆಂಡೆಕಾಯಿ ಎಲ್ರೀ?" ಎಂದಳು.

ಅರ್ಜಿ ತುಂಬಲು ಕೂತೆ. 'ನಿಮ್ಮ ಬಗ್ಗೆ ಹೇಳಿ' ಎಂದು ಒಂದು ಪುಟ ಖಾಲಿ ಬಿಟ್ಟಿದ್ದರು. ನಮ್ಮವರಿಗೆ ಹಾಗೆ ಕೇಳಿದರೆ ಗೊತ್ತಿರುವುದು ಒಂದೇ, ಮದುವೆಗೆ ಬರೆಯುವ ಬಯೋಡೇಟಾ. ತಾತ ಶಂಕರಪ್ಪನವರು ನಿವೃತ್ತ ಮುಖ್ಯೋಪಾಧ್ಯಾಯರು ಎಂದು ಶುರುಮಾಡಿ, ದೊಡ್ಡಪ್ಪ ಉಮಾಕಾಂತ ಸಂಸ್ಕೃತ ಪಂಡಿತರು ಎಂದು ಮುಂದುವರಿಸಿ, 'ಪತ್ನಿ: ಎಂ.ಎಸ್ಸಿ., ಬಿ.ಎಡ್., ಹನ್ನೊಂದು ವರ್ಷಗಳ ಬೋಧನಾನುಭವ' ಎಂದು ಮಂಗಳ ಹಾಡಿದೆ. ಕುಲಗೋತ್ರ ಒಂದು ಬಿಟ್ಟು ಎಲ್ಲವೂ ಇತ್ತು. ನನ್ನ ಬಗ್ಗೆ ಎರಡು ಸಾಲು ಮಾತ್ರ ಹಿಡಿಸಿದವು.

ಅದನ್ನು ಓದಿ ಸಂದರ್ಶನಕ್ಕೆ ಕರೆದರು! ಹತ್ತು ನಿಮಿಷದ ಮಾದರಿ ಪಾಠ ಮಾಡಬೇಕಿತ್ತು. ನಾನು ಭಿನ್ನರಾಶಿಯ ಭಾಗಾಕಾರ ಆರಿಸಿಕೊಂಡೆ. ಸೋಫಾದ ಮೇಲೆ ಸುಲೋಚನಾ, ಒಂಬತ್ತನೇ ಕ್ಲಾಸಿನ ಮಗಳು ಪೂರ್ವಿ ಇಬ್ಬರನ್ನೂ ವಿದ್ಯಾರ್ಥಿನಿಯರೆಂದು ಕೂರಿಸಿ ಸಿಂಹಗರ್ಜನೆ ಮಾಡಿದೆ.

"ಮೂರನ್ನು ಅರ್ಧದಿಂದ ಭಾಗಿಸಬೇಕಾದ್ರೆ, ಅರ್ಧವನ್ನ ತಿರುಗಿಸಿ ಗುಣಿಸಿ. ಉತ್ತರ ಆರು. ಮುಗೀತು!"

"ಅಪ್ಪಾ, ದಟ್ಸ್ ಸೋ ಬೋರಿಂಗ್," ಎಂದು ಪೂರ್ವಿ ಫೋನು ತೆಗೆದಳು.

"ಯಾಕೆ ತಿರುಗಿಸ್ಬೇಕು ಸಾರ್?" ಎಂದಳು ಸುಲೋಚನಾ.

"ನಮ್ಮ ಮೇಷ್ಟ್ರು ಹಾಗೇ ಹೇಳ್ಕೊಟ್ಟಿದ್ದು."

"ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ವಾ ಸಾರ್? ಜಾಸ್ತಿ ಯಾಕಾಯ್ತು?"

"ಕ್ಲಾಸಲ್ಲಿ ತಲೆಹರಟೆ ಮಾಡ್ಬೇಡ!"

ಅವಳು ಎದ್ದು ಅಡುಗೆಮನೆಯಿಂದ ಮೂರು ಚಪಾತಿ ತಂದಳು. "ಅರ್ಧರ್ಧ ಹರೀರಿ. ಈಗ ಎಷ್ಟು ಜನ ಊಟ ಮಾಡ್ಬಹುದು?" ಹರಿದೆ. ಆರು ತುಂಡು. ನಲವತ್ತೇಳು ವರ್ಷ ನಾನು ಯಾತಕ್ಕೆಂದು ತಿಳಿಯದೆ ತಿರುಗಿಸುತ್ತಿದ್ದುದು ಅವತ್ತು ತಟ್ಟೆಯಲ್ಲಿ ಕಾಣಿಸಿತು. ಪೂರ್ವಿ ಕೂಡ ಫೋನು ಕೆಳಗಿಟ್ಟು ನೋಡಿದಳು. ಅದಾದ ಮೇಲೆ ಒಂದು ತಿಂಗಳು, ಪಾಳಿಗೆ ಹೊರಡುವ ಮುಂಚೆ ದಿನಾ ಒಂದು ಗಂಟೆ, ಅವಳು ನನಗೆ ಪಾಠ ಹೇಳಿದಳು. ಎಲ್ಲಿ ನಿಲ್ಲಬೇಕು, ಯಾರನ್ನು ನೋಡಿ ಪ್ರಶ್ನೆ ಕೇಳಬೇಕು, ತಪ್ಪು ಉತ್ತರ ಹೇಳಿದ ಹುಡುಗನ ಮುಖ ಬಾಡದಂತೆ ಹೇಗೆ ತಿದ್ದಬೇಕು, ಎಲ್ಲವನ್ನೂ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ. (ನನ್ನ ಪ್ರಗತಿ ಕಂಡ ಸಂತೋಷ ಎಂದುಕೊಂಡೆ. ನನ್ನಂಥ ಪೆದ್ದನನ್ನು ಕಟ್ಟಿಕೊಂಡದ್ದೂ ಒಂದು ತಪಸ್ಸೇ.)

ಸಂದರ್ಶನದ ದಿನ ಡಬ್ಬಿಯಲ್ಲಿ ಮೂರು ಚಪಾತಿ ಕಟ್ಟಿಕೊಂಡು ಹೋದೆ. ಪಾಠ ಜಯಭೇರಿ. ಆಯ್ಕೆ ಸಮಿತಿಯ ಮೂವರಲ್ಲಿ ಒಬ್ಬರು ಒಂದು ತುಂಡು ತಿಂದೂ ಬಿಟ್ಟರು. ಮುಖ್ಯಸ್ಥೆ ಹೆಲೆನ್ ಎಂಬಾಕೆ ಮಾತ್ರ ಕೈಯೆತ್ತಿ, "ಹಾಗಾದರೆ ಅರ್ಧವನ್ನು ಮೂರರಿಂದ ಭಾಗಿಸುವುದನ್ನು ಹೇಗೆ ತೋರಿಸುತ್ತೀರಿ?" ಎಂದರು. ಅದನ್ನು ನಾವು ಮನೆಯಲ್ಲಿ ಮಾಡಿರಲಿಲ್ಲ. ಮಿಕ್ಕ ಚಪಾತಿಯನ್ನು ನೋಡಿದೆ. ಅದೂ ನನ್ನನ್ನು ನೋಡಿತು. ಕೊನೆಗೆ, "ತಿರುಗಿಸಿ ಗುಣಿಸಬೇಕು," ಎಂದೆ.

ಅವರು ನಗಲಿಲ್ಲ. ನನ್ನ ಬಯೋಡೇಟಾ ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಈ ಪಾಠ ನಿಮ್ಮ ಹೆಂಡತಿಯದಾ?"

"ಹೌದು."

"ಅವರು ಈಗ ಯಾವ ಶಾಲೆಯಲ್ಲಿ ಕಲಿಸುತ್ತಾರೆ?"

ಒಂಬತ್ತು ವರ್ಷದಲ್ಲಿ ಈ ದೇಶದಲ್ಲಿ ಯಾರೂ ಕೇಳದ ಪ್ರಶ್ನೆ. ಬೇರೆಯವರಿರಲಿ, ನಾನೇ ಕೇಳಿರಲಿಲ್ಲ. ಬಂದ ಹೊಸತರಲ್ಲಿ ಅವಳ ಬಿ.ಎಡ್. ಇಲ್ಲಿ ನಡೆಯುವುದಿಲ್ಲ, ಮತ್ತೆ ಓದಬೇಕು ಎಂದು ಕಾಗದ ಬಂದಿತ್ತು. "ಪೂರ್ವಿ ಸ್ವಲ್ಪ ದೊಡ್ಡವಳಾಗ್ಲಿ ಬಿಡೇ," ಎಂದಿದ್ದೆ. ಪೂರ್ವಿ ನನ್ನ ಭುಜಕ್ಕೆ ಬಂದಿದ್ದಳು.

"ಹಣ್ಣು ಹೆಚ್ಚುತ್ತಾಳೆ," ಎಂದೆ. ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಹಾಕಿದೆ. ಅವರು ಅದನ್ನು ನನ್ನ ಸೋಲಿನ ದುಃಖ ಎಂದುಕೊಂಡು ನೀರು ಕೊಟ್ಟರು.

ವಾರದ ನಂತರ ಮೇಲ್ ಬಂತು. ನಾನು ಆಯ್ಕೆಯಾಗಿರಲಿಲ್ಲ. ಕೆಳಗೆ ಹೆಲೆನ್ ತಾವೇ ಎರಡು ಸಾಲು ಸೇರಿಸಿದ್ದರು: 'ನಿಮ್ಮ ಪತ್ನಿಗೆ ಇಷ್ಟವಿದ್ದರೆ ಅರ್ಜಿ ಹಾಕಲಿ. ಶುಕ್ರವಾರ ಕಡೆಯ ದಿನ.'

ನಾನು ಕುಣಿದಾಡಿಬಿಟ್ಟೆ. ಅರ್ಜಿ ಪ್ರಿಂಟ್ ಮಾಡಿ, ಪೆನ್ನು ಕೈಗಿಟ್ಟು, ಕಾಫಿಯನ್ನೂ ಮಾಡಿ ತಂದೆ. ಸುಲೋಚನಾ ಒಂದೊಂದೇ ಪುಟ ತುಂಬಿದಳು. 'ನಿಮ್ಮ ಬಗ್ಗೆ ಹೇಳಿ' ಎಂಬಲ್ಲಿ ನನ್ನ ಹೆಸರೇ ಬರೆಯಲಿಲ್ಲ. ಇಡೀ ಪುಟ ಅವಳ ಮಕ್ಕಳೇ, ಮೈಸೂರಿನ ಮಕ್ಕಳು. ಕೊನೆಯ ಪುಟದಲ್ಲಿ ಪೆನ್ನು ನಿಂತಿತು. ಮೊದಲೇ ಬೋಧನಾನುಭವ ಇದ್ದವರು (ನನಗೆ ಅದು ಅನ್ವಯಿಸಿರಲಿಲ್ಲ) ಕಳೆದ ಐದು ವರ್ಷಗಳಲ್ಲಿ ತಾವು ಪಾಠ ಮಾಡುವುದನ್ನು ಕಣ್ಣಾರೆ ಕಂಡ ಒಬ್ಬರ ಹೆಸರು ಕೊಡಬೇಕಿತ್ತು.

"ನಾನಿಲ್ವೇನೇ? ಒಂದು ತಿಂಗಳು ಕೂತು ಕೇಳಿದ್ದೀನಿ. ಕೊಡಿಲ್ಲಿ, ಪುಟಗಟ್ಟಲೆ ಬರೀತೀನಿ!"

ಅವಳು ಅಡಿಯಲ್ಲಿದ್ದ ಸಣ್ಣ ಅಕ್ಷರ ತೋರಿಸಿದಳು. ಸಂಬಂಧಿಕರು ಆಗುವಂತಿಲ್ಲ.

"ಬೇರೆ ಯಾರಾದ್ರೂ?" ಎಂದು ಕೇಳಿಬಿಟ್ಟೆ.

"ಎಲ್ಲಿಂದ ಬರ್ತಾರ್ರೀ?" ಎಂದಳು. "ಮನೇಲಿ ಟ್ಯೂಷನ್ ಮಾಡ್ತೀನಿ ಅಂದೆ, ಯಾರ್ಯಾರೋ ಬಂದು ಹೋಗೋದು ಬೇಡ ಅಂದ್ರಿ. ಪೂರ್ವಿಗಾದ್ರೂ ಹೇಳ್ಕೊಡ್ತೀನಿ ಅಂದೆ, ನಿನ್ನ ಇಂಗ್ಲಿಷ್ ಇಲ್ಲಿಯವರ ಥರ ಇಲ್ಲ ಅಂತ ಅವಳನ್ನ ಬೇರೆ ಕಡೆ ಟ್ಯೂಷನ್‌ಗೆ ಹಾಕಿದ್ರಿ. ಇಷ್ಟು ವರ್ಷದಲ್ಲಿ ನನ್ನ ಪಾಠ ಕೇಳಿದ್ದು ನೀವೊಬ್ರೇ. ಅದೂ ನೀವು ಮೇಷ್ಟ್ರಾಗ್ಬೇಕು ಅಂತ."

ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಏನಾದರೂ ಎದುರು ಹೇಳುತ್ತಿದ್ದೆ. ಅವಳು ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ, ಒಂದೊಂದೇ ಹಂತವಾಗಿ, ನಿಧಾನವಾಗಿ ಹೇಳಿದಳು. ಈ ಸಲ ನನಗೆ ಒಂದೇ ಸಾರಿಗೆ ಅರ್ಥವಾಯಿತು.