ಮಾತು ಕೇಳದ ಕ್ಯಾಪ್ಟನ್

ಇಪ್ಪತ್ತಾರು ವರ್ಷ ನಗರದ ಬಸ್ಸು ಓಡಿಸಿ ಒಂದು ನಾಯಿಬಾಲವನ್ನೂ ತುಳಿಯದ ಡ್ರೈವರ್ ಸಾಹೇಬರಿಗೆ ಐವತ್ತರ ಹೊಸ್ತಿಲಲ್ಲಿ ಒಂದು ಅನ್ಯಾಯವಾಯಿತು. ಅವರ ಹೆಂಡತಿ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅದೂ ವಿಮಾನಯಾನದ ಪದವಿಗೆ.

"ನಾನು ನೆಲದ ಮೇಲೆ ಓಡಿಸೋನು. ನೀನು ಆಕಾಶದಲ್ಲಿ ಓಡಿಸ್ತೀಯಾ?"

"ನಾನೆಲ್ಲಿ ಓಡಿಸ್ತೀನಿ ರೀ? ಹಾರಿಸೋರನ್ನ, ಹಾರೋರನ್ನ ಸಂಭಾಳಿಸೋ ಓದು ಇದು."

"ಅದಕ್ಕೆ ಪದವಿ ಯಾಕೆ? ನನ್ನನ್ನ ಇಷ್ಟು ವರ್ಷ ಪದವಿ ಇಲ್ದೇನೇ ಸಂಭಾಳಿಸಿಲ್ವಾ?"

(ಇದನ್ನು ಅವರು ತಮಾಷೆಗೆ ಹೇಳಿದ್ದು. ಆಕೆ ನಗಲಿಲ್ಲ.)

"ಈ ಮನೇಲಿ ಹಾರಾಡೋಕೆ ಪದವಿ ಬೇಕಾಗಿಲ್ಲ ಅಪ್ಪಾ, ನೀನೇ ಸಾಕ್ಷಿ" ಎಂದಳು ಕಾಲೇಜಿಗೆ ಹೋಗುವ ಮಗಳು. ಅವಳು ಅಮ್ಮನ ಪಕ್ಷ.

ಹೆಂಡತಿಯ ಸಂಕಟ ಸಣ್ಣದಲ್ಲ. ವಿಮಾನ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಆಕೆ ಹದಿನೆಂಟು ವರ್ಷ ಕೂತಿದ್ದಳು. ಸೂಟ್‌ಕೇಸು ಕಳೆದುಕೊಂಡವರ ಕಣ್ಣೀರು, ಬೈಗುಳ ಎರಡನ್ನೂ ಒಂದೇ ಮುಖದಲ್ಲಿ ಸ್ವೀಕರಿಸಿದ್ದಳು. ಆಕೆಯೇ ಕೆಲಸ ಕಲಿಸಿದ ಮೂವರು ಹುಡುಗಿಯರು ಪದವಿಯ ಬಲದಿಂದ ಒಬ್ಬೊಬ್ಬರಾಗಿ ಆಕೆಗೇ ಮೇಲಧಿಕಾರಿಗಳಾಗಿ ಬಂದರು. ಮೂರನೆಯವಳು "ಆಂಟಿ, ರಜೆ ಬೇಕಿದ್ರೆ ಅರ್ಜಿ ಬರೆದುಕೊಡಿ" ಎಂದ ದಿನವೇ ಆಕೆ ಸಂಜೆ ತರಗತಿಗೆ ಹೆಸರು ಬರೆಸಿ ಬಂದಳು.

ಮೂರು ವರ್ಷದ ಅಡುಗೆಮನೆ ರಾಜ್ಯಭಾರ ಡ್ರೈವರ್ ಪಾಲಿಗೆ ಬಿತ್ತು. ಮುಖ ಊದಿಸಿಕೊಂಡರೂ ಅವರು ಕುಕ್ಕರ್ ಇಟ್ಟರು, ಪಾತ್ರೆ ತೊಳೆದರು, ಪುಸ್ತಕ ಹಿಡಿದು ಆಕೆಯಿಂದ ಪಾಠ ಒಪ್ಪಿಸಿಕೊಂಡರು. ಒಪ್ಪಿಸಿಕೊಳ್ಳುತ್ತಾ ಒಪ್ಪಿಸಿಕೊಳ್ಳುತ್ತಾ ಅವರೂ ಅರ್ಧ ಪಂಡಿತರಾದರು. ಡಿಪೋದಲ್ಲಿ ಟಿಕೆಟ್ ಕಾಗದದ ಪಟ್ಟಿಯೊಂದನ್ನು ತುಟಿಗೆ ಹಿಡಿದು, ಮೇಲಿಂದ ಉಫ್ ಎಂದು ಊದಿ, ಅದು ಮೇಲೇಳುವುದನ್ನು ತೋರಿಸಿ "ವಿಮಾನ ಹಾರೋದು ಹೀಗೇ ಕಣ್ರಯ್ಯಾ" ಎಂದು ಉಪದೇಶ ಮಾಡುವ ಮಟ್ಟಕ್ಕೆ ಬಂದರು.

ಕೊನೆಯ ವರ್ಷ ಒಂದು ಪ್ರಬಂಧ ಬರೆದು ಸಭೆಯ ಮುಂದೆ ಮಂಡಿಸಬೇಕಿತ್ತು. ವಿಷಯ ಏನೆಂದು ಕೇಳಿದರೆ ಹೆಂಡತಿ "ಬಂದು ನೋಡಿ" ಎಂದಳು. ಡ್ರೈವರ್ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಸುರಕ್ಷಿತ ಚಾಲನೆಯ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು, ಮಗಳ ಜೊತೆ ಮುಂದಿನ ಸಾಲಿನಲ್ಲೇ ಕೂತರು.

ಪರದೆಯ ಮೇಲೆ ಶೀರ್ಷಿಕೆ ಮೂಡಿತು: 'ಕ್ಯಾಪ್ಟನ್ ಮಾತು ಕೇಳದಾಗ — ಒಂದು ಮನೆಯ ಅಧ್ಯಯನ.'

"ಎಷ್ಟೋ ವಿಮಾನ ಅಪಘಾತಗಳಲ್ಲಿ ಕ್ಯಾಪ್ಟನ್ ಪಕ್ಕದ ಸೀಟಿನವರಿಗೆ ತಪ್ಪು ಕಂಡಿರುತ್ತೆ" ಎಂದು ಹೆಂಡತಿ ಶುರು ಮಾಡಿದಳು. "ಅವರು ಹೇಳೋಕೆ ಹೆದರ್ತಾರೆ. ಇಲ್ಲಾ, ಹೇಳಿದ್ರೂ ಕ್ಯಾಪ್ಟನ್ ಕೇಳಲ್ಲ. ಈ ಚಾಳಿ ಹುಟ್ಟೋದು ವಿಮಾನದಲ್ಲಲ್ಲ, ಮನೇಲಿ. ಹನ್ನೊಂದು ತಿಂಗಳಲ್ಲಿ ನಾನು ನಲವತ್ತೊಂದು ಪ್ರಕರಣ ದಾಖಲಿಸಿದ್ದೀನಿ."

ಡ್ರೈವರ್ ನೆಟ್ಟಗೆ ಕೂತರು.

ಏಳನೆಯ ಪ್ರಕರಣ: ನಲ್ಲಿ ರಿಪೇರಿ. ಮೇನ್ ವಾಲ್ವ್ ಮುಚ್ಚಿದ್ದೀರಾ ಎಂದು ಎರಡು ಸಲ ಕೇಳಲಾಯಿತು. ಕ್ಯಾಪ್ಟನ್ ಉತ್ತರ, "ನಂಗೆ ಗೊತ್ತು." ಪರಿಣಾಮ: ಕೆಳಮನೆಯವರ ಹಾಸಿಗೆ ಜಲಸಮಾಧಿ. ಹತ್ತೊಂಬತ್ತನೆಯದು: ನೆಂಟರ ಮದುವೆ. ಎಡಕ್ಕೆ ತಿರುಗಿ ಎಂದರೆ ಕ್ಯಾಪ್ಟನ್ ಬಲಕ್ಕೆ ತಿರುಗಿದರು. ಪರಿಣಾಮ: ಯಾರದೋ ಮದುವೆಯಲ್ಲಿ ಊಟ, ಯಾರದೋ ಗಂಡು-ಹೆಣ್ಣಿನ ಜೊತೆ ಫೋಟೋ. ಮೂವತ್ತಮೂರನೆಯದು: ಸೋಫಾ ಅಡ್ಡಲಾಗಿ ಹೋಗುವುದಿಲ್ಲ ಎಂದು ಇಬ್ಬರು ಎಚ್ಚರಿಸಿದ್ದರು. ಸೋಫಾ ಇಂದಿಗೂ ಮೆಟ್ಟಿಲ ತಿರುವಿನಲ್ಲೇ ಇದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಮಗಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಡ್ರೈವರ್‌ಗೆ ಮಾತ್ರ ಕಿವಿಯ ತುದಿ ಸುಡುತ್ತಿತ್ತು. ಎದ್ದು ಹೋಗೋಣವೆಂದರೆ ಮೈಮೇಲೆ ಸಮವಸ್ತ್ರ. ಎದ್ದರೆ ಕ್ಯಾಪ್ಟನ್ ಯಾರೆಂದು ಊರಿಗೇ ಗೊತ್ತಾಗುತ್ತದೆ.

ಆಗ ಪರೀಕ್ಷಕರಾಗಿ ಬಂದಿದ್ದ ಹಿರಿಯ ಪ್ರಾಧ್ಯಾಪಕಿ ಕನ್ನಡಕ ತೆಗೆದರು. "ನಗೋಕೆ ಚೆನ್ನಾಗಿದೆಯಮ್ಮಾ. ಆದ್ರೆ ನಲ್ಲಿ, ಸೋಫಾ... ಇದರಲ್ಲಿ ಯಾರ ಜೀವವೂ ಹೋಗೋ ಹಾಗಿರಲಿಲ್ಲ. ವಿಮಾನಕ್ಕೆ ಇದರಿಂದ ಏನು ಪಾಠ? ಇದನ್ನ ಅಧ್ಯಯನ ಅಂತ ಹೇಗೆ ಒಪ್ಪಲಿ?"

ಹೆಂಡತಿ ಕೈಯಲ್ಲಿದ್ದ ಹಾಳೆಗಳನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿದಳು. ಮೂರು ವರ್ಷ ಪಾಠ ಒಪ್ಪಿಸಿಕೊಂಡ ಡ್ರೈವರ್‌ಗೆ ಗೊತ್ತು, ಉತ್ತರ ಮರೆತಾಗಲೇ ಆಕೆ ಹಾಳೆ ಹೀಗೆ ತಿರುವುವುದು. ಎದ್ದು ನಿಂತರು.

"ಮೇಡಂ, ನಲವತ್ತೆರಡನೇದು ನಾನು ಹೇಳ್ತೀನಿ. ಅದು ಇವಳಿಗೆ ಗೊತ್ತಿಲ್ಲ."

ನಾಲ್ಕು ವರ್ಷದ ಹಿಂದೆ, ಬೆಳಿಗ್ಗೆ, ಕೊನೆಯ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದರು. ಕಂಡಕ್ಟರ್ "ನಿಲ್ಸಣ್ಣಾ" ಎಂದ. ನಂಗೆ ಗೊತ್ತು ಎಂದರು. ಅವನು ಮತ್ತೆ ಕಿರುಚಿದ, ಬಸ್ಸಿನ ತಗಡಿಗೆ ಗುದ್ದಿದ. ಬ್ರೇಕ್ ಒತ್ತಿ ಇಳಿದು ನೋಡಿದರೆ, ಬಸ್ಸಿನ ಹಿಂದೆ ನಾಲ್ಕು ಬೆರಳು ದೂರದಲ್ಲಿ ಒಬ್ಬ ಮುದುಕಿ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು. ಆಕೆಗೆ ಏನೂ ತಿಳಿಯಲಿಲ್ಲ. ಎದ್ದು ತನ್ನ ಪಾಡಿಗೆ ನಡೆದುಹೋದಳು.

"ಯಾರಿಗೂ ಹೇಳ್ಬೇಡ ಅಂತ ಕಂಡಕ್ಟರ್‌ನ ಬಾಯಿ ಕಟ್ಟಿದೆ" ಎಂದರು ಡ್ರೈವರ್. "ನನ್ನ ದಾಖಲೇಲಿ ಒಂದೂ ಅಪಘಾತ ಇಲ್ಲ ಮೇಡಂ. ಅದು ನನ್ನ ಹೆಚ್ಚುಗಾರಿಕೆ ಅಲ್ಲ, ಅವನ ಗಂಟಲಿನದು. ಅವತ್ತು ಅವನು ನನಗೆ ಹೆದರಿ ಸುಮ್ಮನಾಗಿದ್ರೆ..."

ಯಾರೂ ನಗಲಿಲ್ಲ. ಪ್ರಾಧ್ಯಾಪಕಿ ಬಹಳ ಹೊತ್ತು ಏನೋ ಬರೆದರು. ಹೆಂಡತಿ ಮೊದಲ ದರ್ಜೆಯಲ್ಲಿ ಪಾಸಾದಳು.

ಮನೆಗೆ ನಡೆಯುವಾಗ ಆಕೆ ಕೇಳಿದಳು, "ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ ಕಣೇ."

ಆಕೆ ಅವರ ತೋಳು ಹಿಡಿದು ನಡೆದಳು. ಮರುದಿನ ಡ್ರೈವರ್ ಡಿಪೋಗೆ ಹೋಗಿ ನಡೆದದ್ದನ್ನು ತಾವೇ ಬರೆದುಕೊಟ್ಟರು. ಬಿಲ್ಲೆ ಹೋಯಿತು, ಎರಡು ವಾರ ಹೊಸಬರ ಜೊತೆ ಕೂತು ತರಬೇತಿ ಪಡೆಯುವ ಶಿಕ್ಷೆಯಾಯಿತು.

ತಿಂಗಳೊಳಗೆ ವಿಶ್ವವಿದ್ಯಾಲಯದಿಂದ ಪತ್ರ ಬಂತು, ಅವರ ಹೆಸರಿಗೇ. 'ಮಾನ್ಯರೇ' ಎಂದಿತ್ತು. ಗೌರವ ಡಾಕ್ಟರೇಟೇ ಇರಬೇಕೆಂದು ಅವರು ಎದ್ದು ನಿಂತು ಓದಿದರು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ 'ಮಾನವ ದೋಷಗಳು' ಎಂಬ ಪಾಠವಿದೆ, ಅದಕ್ಕೆ ಉಪನ್ಯಾಸಕರಾಗಿ ಕಂಡಕ್ಟರ್ ಅವರನ್ನು ಆಹ್ವಾನಿಸಲಾಗಿದೆ, ತಾವು ದಯಮಾಡಿ ಉದಾಹರಣೆಯಾಗಿ ಹಾಜರಿರಬೇಕು ಎಂದು ಬರೆದಿತ್ತು.

ಹೋದರು. ವೇದಿಕೆಯ ಮೇಲೆ ಕಂಡಕ್ಟರ್‌ಗೆ ಮೆತ್ತೆಯ ಕುರ್ಚಿ, ಹೂಗುಚ್ಛ. ಇವರಿಗೆ ಎಲ್ಲರಿಗೂ ಕಾಣುವಂತೆ ಪಕ್ಕದಲ್ಲೊಂದು ಸ್ಟೂಲು. ಕಂಡಕ್ಟರ್ ಇವರನ್ನು ಕೋಲಿನಿಂದ ತೋರಿಸಿ ತೋರಿಸಿ ಒಂದೂವರೆ ಗಂಟೆ ಮಾತಾಡಿದ. ಡ್ರೈವರ್ ಒಂದಕ್ಷರ ಬಿಡದೆ ಕೇಳಿದರು. ಕೇಳದೆ ವಿಧಿಯಿರಲಿಲ್ಲ, ಹೊರಹೋಗುವ ಬಾಗಿಲ ಪಕ್ಕದಲ್ಲೇ ಹೆಂಡತಿ ಕುರ್ಚಿ ಹಾಕಿಕೊಂಡು ಕೂತಿದ್ದಳು.