ಮರಗೆಣಸಿನ ನೀರಿನ ಮಹಾ ಸಂಶೋಧನೆ

"ಇನ್ನು ಮುಂದೆ ನಾನು ಪರೀಕ್ಷೆ ಮಾಡದೆ ಈ ಮನೆಯಲ್ಲಿ ಒಂದು ತುತ್ತೂ ಯಾರ ಬಾಯಿಗೂ ಹೋಗಕೂಡದು!"

ಭಾನುವಾರ ಇಗರ್ಜಿಯಿಂದ ಬಂದವನೇ ಅಂಗಳದಲ್ಲಿ ನಿಂತು ಹೀಗೆ ಘೋಷಿಸಿದೆ. ಪೇಟೆಯ ಯಾವುದೋ ಹೋಟೆಲಿನಲ್ಲಿ ತಿಂದವರು ಆಸ್ಪತ್ರೆ ಸೇರಿದ ಸುದ್ದಿ ನಮ್ಮೂರು ಪಾಲಾ ತುಂಬ ಹಬ್ಬಿತ್ತು. ಕೈಯಲ್ಲಿ ಫೋನಿದೆ, ಫೋನಿನಲ್ಲಿ ಲೋಕದ ಜ್ಞಾನವೆಲ್ಲ ಇದೆ. ಈ ಕುರ್ಯಾಚನ್ ಸುಮ್ಮನಿರುವುದುಂಟೇ!

"ಇಷ್ಟು ವರ್ಷ ಯಾರು ಪರೀಕ್ಷೆ ಮಾಡಿ ಈ ಹೊಟ್ಟೆ ಬೆಳೆಸಿದ್ದು, ಇಚ್ಚಾಯಾ?" ಎಂದಳು ನನ್ನ ಹೆಂಡತಿ ತ್ರೇಸ್ಯಾಮ್ಮ.

ಅವಳ ಪಕ್ಕದಲ್ಲಿ ನಿಂತು ಪೊನ್ನಿಯೂ ನನ್ನನ್ನು ತಾತ್ಸಾರದಿಂದ ನೋಡಿತು. ಪೊನ್ನಿ ಅವಳ ಮೇಕೆ, ಆಗಷ್ಟೇ ಮರಿ ಹಾಕಿತ್ತು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ತ್ರೇಸ್ಯಾಮ್ಮ ಅದನ್ನು "ಮೋಳೇ, ಬಾ ಮಗಳೇ" ಎಂದು ಕರೆಯುತ್ತಿದ್ದಳು. ನನ್ನನ್ನು ಆ ದನಿಯಲ್ಲಿ ಕರೆದದ್ದು ನನಗಂತೂ ನೆನಪಿಲ್ಲ.

ಸಂಶೋಧನೆ ಶುರುವಾಯಿತು. ನಿನ್ನೆಯ ಮೀನು ಸಾರು ಇವತ್ತು ತಿನ್ನಬಹುದೇ? ಅಮೃತ ಎಂದರು ವೀಡಿಯೊದಲ್ಲಿ ಬಿಳಿ ಕೋಟಿನ ಒಬ್ಬ ಡಾಕ್ಟರು. ವಿಷ ಎಂದರು ಇನ್ನೊಬ್ಬರು. ಕೊನೆಗೆ ಇಬ್ಬರೂ ಒಂದೇ ಕಂಪನಿಯ ಚೂರ್ಣ ಕೊಳ್ಳಲು ಹೇಳಿದರು!

ಹೀಗಿರುವಾಗ ಒಂದು ಮಧ್ಯಾಹ್ನ ತ್ರೇಸ್ಯಾಮ್ಮ ಮರಗೆಣಸು ಬೇಯಿಸಿ ನೀರು ಬಸಿಯುತ್ತಿದ್ದಳು.

"ನಿಲ್ಲು! ತರಕಾರಿ ಬೇಯಿಸಿದ ನೀರು ಚೆಲ್ಲಿದರೆ ಆರೋಗ್ಯವನ್ನೇ ಚೆಲ್ಲಿದ ಹಾಗೆ. ಡಾಕ್ಟರು ಹೇಳಿದ್ದಾರೆ."

"ಇದು ಕಹಿ ಗೆಣಸು. ನೀರು ಚೆಲ್ಲಲೇಬೇಕು. ನಮ್ಮ ಅಮ್ಮಚ್ಚಿ ಹಂಗೇ ಮಾಡ್ತಿದ್ರು."

"ನಿಮ್ಮ ಅಮ್ಮಚ್ಚಿ ಯಾವ ಕಾಲೇಜಲ್ಲಿ ಓದಿದ್ರು?"

"ನಿಮ್ಮ ಡಾಕ್ಟ್ರು ಯಾವ ಒಲೇಲಿ ಗೆಣಸು ಬೇಯಿಸಿದ್ರು?" ಎಂದವಳೇ ಬಸಿದ ನೀರಿನ ಪಾತ್ರೆ ಪಕ್ಕಕ್ಕಿಟ್ಟಳು. "ಆರಿದ ಮೇಲೆ ಹಿತ್ತಿಲ ಗುಂಡಿಗೆ ಚೆಲ್ಲಿ. ನಾನು ಪಕ್ಕದ ಮನೆ ಪ್ರಾರ್ಥನೆಗೆ ಹೋಗಿ ಬರ್ತೀನಿ."

ನಾನು ಎಚ್ಚರಗೇಡಿಯಲ್ಲ! ಮರಗೆಣಸಿನ ನೀರು ಎಂದು ಬರೆದು ಹುಡುಕಿಯೇ ಹುಡುಕಿದೆ. ಮೊದಲು ಬಂದದ್ದು ಕೃಷಿ ಇಲಾಖೆಯ ಪುಟ. ಅದು ತೆರೆಯುವಷ್ಟರಲ್ಲಿ ಆಕಳಿಕೆ ಬಂತು. ಡಾಕ್ಟರಿಲ್ಲ, ಸಂಗೀತವಿಲ್ಲ, ಬರೀ ಇರುವೆ ಸಾಲಿನಂಥ ಅಕ್ಷರ. ಮುಚ್ಚಿ, ಬಿಳಿ ಕೋಟಿನ ಡಾಕ್ಟರ ವೀಡಿಯೊಗೇ ಮರಳಿದೆ. ಅವರು ಕ್ಯಾರೆಟ್ ಹಿಡಿದು ಮಾತಾಡುತ್ತಿದ್ದರು. ಗೆಡ್ಡೆ ಗೆಡ್ಡೆಯೇ ತಾನೇ!

ಒಂದು ಗುಟುಕು ಬಾಯಿಗೆ ಹಾಕಿದೆ. ಕಹಿ! ಥೂ ಎಂದು ಉಗಿದೆ. ಕಹಿಯೆಲ್ಲ ಔಷಧಿ ಎಂದು ಇನ್ನೊಂದು ವೀಡಿಯೊ ಹೇಳಿತು. ಆದರೆ ಔಷಧಿ ಕುಡಿಯುವಂಥ ಕಾಯಿಲೆ ನನಗಿರಲಿಲ್ಲ. ಶಕ್ತಿ ಬೇಕಾದದ್ದು ಬಾಣಂತಿ ಪೊನ್ನಿಗೆ. ಆ ನೀರನ್ನು ಬಕೆಟ್ಟಿಗೆ ಸುರಿದು, ತೌಡು, ಉಪ್ಪು ಬೆರೆಸಿ ಅದರ ಮುಂದಿಟ್ಟೆ. ಪಾಪದ್ದು, ಜೀವನದಲ್ಲಿ ಮೊದಲ ಸಲ ನನ್ನನ್ನು ನಂಬಿ ತಳ ಕಾಣುವವರೆಗೂ ಕುಡಿಯಿತು. ಫೋಟೋ ತೆಗೆದು, "ಚೆಲ್ಲಬೇಡಿ, ಕುಡಿಸಿ!" ಎಂದು ಬರೆದು ಕುಟುಂಬದ ಗುಂಪಿಗೆ ಹಾಕಿದೆ.

ತ್ರೇಸ್ಯಾಮ್ಮ ಬಂದಾಗ ಪೊನ್ನಿ ಬಾಯಲ್ಲಿ ನೊರೆ ಕಟ್ಟಿ ಅಂಗಳದಲ್ಲಿ ಕಾಲು ಬಡಿಯುತ್ತಿತ್ತು. ಪಶುವೈದ್ಯರು ಸ್ಕೂಟರಿನಲ್ಲಿ ಧಾವಿಸಿ ಬಂದು ಸೂಜಿ ಚುಚ್ಚಿದರು. ಹೊತ್ತು ಮೀರಿತ್ತು.

"ಇದನ್ನ ಕುಡಿಸಿ ಅಂತ ಯಾರ್ರೀ ಹೇಳಿದ್ದು?"

"ಇಂಟರ್ನೆಟ್‌ನಲ್ಲಿತ್ತು, ಸಾರ್."

"ಕುಡಿಸಬೇಡಿ ಅಂತಾನೂ ಅಲ್ಲೇ ಇದೆಯಲ್ರೀ! ಕೃಷಿ ಇಲಾಖೆ ಪುಟದಲ್ಲಿ, ಮೊದಲನೇ ಸಾಲಲ್ಲೇ!"

"ಅದು ತೆರೆಯೋದು ನಿಧಾನ, ಸಾರ್."

ಅವರು ಚೀಲ ಮುಚ್ಚಿ ಸ್ಕೂಟರ್ ಹತ್ತಿದರು. ಉಗಿದಿದ್ದರೂ ವಾಸಿಯಿತ್ತು.

ತ್ರೇಸ್ಯಾಮ್ಮ ಅಳಲಿಲ್ಲ, ಬೈಯಲಿಲ್ಲ. ತೆಂಗಿನ ಬುಡದಲ್ಲಿ ಗುಂಡಿ ತೋಡುವಾಗ ನಾನೇ ಅತ್ತೆ. ಮರಿ ಕೆಚ್ಚಲು ಹುಡುಕುತ್ತ ಅಂಗಳವೆಲ್ಲ ಅರಚಿಕೊಂಡು ಓಡಾಡುತ್ತಿತ್ತು.

ಸಂಜೆ ಫೋನ್ ನೋಡಿದರೆ ನನ್ನ ಫೋಟೋಗೆ ಹೂವು, ಹೃದಯ, ಚಪ್ಪಾಳೆಗಳ ಸುರಿಮಳೆ! "ನಾಳೆಯಿಂದ ನಮ್ಮ ಹಸುವಿಗೂ ಕೊಡ್ತೀವಿ" ಎಂದು ಚಿಕ್ಕಪ್ಪನ ಮಗ ಪೈಲಿ ಬರೆದಿದ್ದ. "ಕೊಡಬೇಡ! ಅದು ವಿಷ. ಪೊನ್ನಿ ಸತ್ತುಹೋಯ್ತು" ಎಂದು ಬರೆದೆ.

ತಕ್ಷಣ ಉತ್ತರ ಬಂತು: "ಸುಮ್ಮನೆ ಹೆದರಿಸಬೇಡಿ ಚೇಟ್ಟಾ. ಡಾಕ್ಟ್ರ ವೀಡಿಯೊ ಏನಾದ್ರೂ ಇದೆಯಾ? ಆಧಾರ ಏನು?"

ಬೆನ್ನ ಹಿಂದೆ ನಿಂತು ಓದುತ್ತಿದ್ದ ತ್ರೇಸ್ಯಾಮ್ಮ ಮರಿಯನ್ನು ಎತ್ತಿ ತಂದು ನನ್ನ ಮಡಿಲಿಗೆ ಹಾಕಿದಳು.

"ಇದರ ಫೋಟೋ ಕಳಿಸಿ, ಇಚ್ಚಾಯಾ. ಆಮೇಲೆ ಅದೇ ಫೋನಲ್ಲಿ ಹುಡುಕಿ ಹೇಳಿ, ಇವತ್ತು ಇದಕ್ಕೆ ಹಾಲು ಯಾರು ಕೊಡ್ತಾರೆ ಅಂತ."